ಗೆಳೆಯರ ಹಿತ್ತಿಲಿನಲ್ಲಿ ಒಂದು ಸಂಜೆ

ಕರಾವಳಿಯ ನಮ್ಮ ಊರುಗಳಿಗೆ ಶರದೃತು ಸದ್ದಿಲ್ಲದೆ ಬರುತ್ತದೆ. ಇಂಗ್ಲಿಷ್ ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಕಾಣುವಂತೆ ಮರಗಳೆಲ್ಲ ಒಮ್ಮೆಗೇ ಕೆಂಪಾಗಿ ಎಲೆ ಕಳಚುವ ಕಾಲ ಇದಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಮಳೆಯ ಬಹುಪಾಲು ಮುಗಿದು, ಬಾವಿಯ ನೀರು ಇನ್ನೂ ಮೇಲೆಯೇ ನಿಂತು, ಪಾಚಿಗಟ್ಟಿದ ಕೆಂಪುಕಲ್ಲಿನ ಗೋಡೆಗಳು ಮೆಲ್ಲಗೆ ಒಣಗತೊಡಗುವ ಕಾಲ. ಬೆಳಗ್ಗೆ ತಿಳಿಯಾದ ಆಕಾಶ, ಮಧ್ಯಾಹ್ನ ಸುಡುವ ಬಿಸಿಲು, ಸಂಜೆಗೆ ಒಮ್ಮೊಮ್ಮೆ ಗುಡುಗಿನ ಮಳೆ.

ನಮ್ಮ ಹಿಜರಿ ತಿಂಗಳುಗಳು ಋತುಗಳ ಜೊತೆ ನಿಲ್ಲುವುದಿಲ್ಲ. ಚಾಂದ್ರವರ್ಷ ಸೌರವರ್ಷಕ್ಕಿಂತ ಸುಮಾರು 11 ದಿನ ಕಡಿಮೆಯಾದುದರಿಂದ ಪ್ರತಿಯೊಂದು ತಿಂಗಳೂ 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2024ರ ಅಕ್ಟೋಬರಿನಲ್ಲಿ ನಡೆಯುತ್ತಿದ್ದುದು ರಬೀಉಲ್ ಆಖಿರ್. ‘ರಬೀಅ್’ ಎಂದರೆ ವಸಂತ. ಪಂಚಾಂಗದವರ ಆಶ್ವಯುಜ ಮಾಸದಲ್ಲಿ, ಹೆಸರಿಗೆ ವಸಂತವಾದ ತಿಂಗಳೊಂದರಲ್ಲಿ, ನಾವು ಬಂಟ್ವಾಳದ ಸಮೀಪದ ಹಳ್ಳಿಯಲ್ಲಿರುವ ಗೆಳೆಯರ ಮನೆಗೆ ಹೋದೆವು. ಅವರು ಎರಡು ವರ್ಷಗಳಿಂದ ಕರೆಯುತ್ತಿದ್ದರು. ನಾವು ಕೆಲಸದ ನೆಪ ಹೇಳುತ್ತಿದ್ದೆವು. ಕೊನೆಗೆ ಹೋದದ್ದೂ ಗೆಳೆತನಕ್ಕಾಗಿ ಅಲ್ಲ, ಕೈಯಲ್ಲೊಂದು ರಶೀದಿ ಪುಸ್ತಕ ಹಿಡಿದುಕೊಂಡು.

ನಾವು ಪಾಠ ಹೇಳುವ ಮದ್ರಸಾದ ಅಂಗಳಕ್ಕೆ ಇಂಟರ್‌ಲಾಕ್ ಹಾಸಬೇಕೆಂದು ಆಡಳಿತ ಸಮಿತಿ ತೀರ್ಮಾನಿಸಿತ್ತು. ಮಳೆಗಾಲದಲ್ಲಿ ಮಕ್ಕಳು ಕೆಸರು ತುಳಿದುಕೊಂಡೇ ತರಗತಿಗೆ ಬರುತ್ತಿದ್ದರು. ಆದ್ದರಿಂದ ತೀರ್ಮಾನದಲ್ಲಿ ತಪ್ಪೇನೂ ಇರಲಿಲ್ಲ. ಅಂಗಳದ ನಡುವೆ ಹಳೆಯ ಬಾದಾಮಿ ಮರವೊಂದಿದೆ. ಅಗಲವಾದ ಅದರ ಎಲೆಗಳು ಕೆಂಪಾಗಿ ಉದುರಿ ಮಾಡಿನ ನೀರಿನ ದಂಬೆಯಲ್ಲಿ ಕಟ್ಟಿಕೊಳ್ಳುತ್ತವೆ. ಹಾಸುವಾಗ ಅದನ್ನೂ ತೆಗೆಯಬೇಕೆಂಬ ಮಾತಿಗೆ ಎಲ್ಲರೂ ತಲೆಯಾಡಿಸಿದ್ದರು. ನಾವೂ ತಲೆಯಾಡಿಸಿದ್ದೆವು. ಚಂದಾ ಸಂಗ್ರಹಿಸುವ ಹೊಣೆಯನ್ನು ಹೊತ್ತುಕೊಂಡೂ ಇದ್ದೆವು.

ಈ ಗೆಳೆಯರು ಬಾಲ್ಯದಲ್ಲಿ ನಮ್ಮೊಡನೆ ಒಂದೇ ಬೆಂಚಿನಲ್ಲಿ ಕುಳಿತು ಅಲಿಫ್ ಬಾ ಕಲಿತವರು. ನಾವು ಕಿತಾಬು ಓದಲು ದರ್ಸಿಗೆ ಸೇರಿದೆವು. ಅವರು ಹತ್ತನೆಯ ತರಗತಿಯ ಬಳಿಕ ಮುಂಬಯಿಗೂ ಅಲ್ಲಿಂದ ಸೌದಿಗೂ ಹೋದರು. ಹದಿನಾಲ್ಕು ವರ್ಷ ಹವಾನಿಯಂತ್ರಕಗಳ ದುರಸ್ತಿ ಮಾಡಿ, ಬೆನ್ನು ನೋವು ಹಚ್ಚಿಕೊಂಡು ಮರಳಿದರು. ಮನೆಯ ಹಿಂದೆ ಮೂವತ್ತು ಸೆಂಟ್ಸ್ ಜಾಗವಿದೆ. ಅದನ್ನು ತೋಟ ಎಂದರೆ ಅವರು ನಗುತ್ತಾರೆ. ‘ಹಿತ್ತಿಲು’ ಎಂಬುದೇ ಅವರಿಗೆ ಒಪ್ಪಿದ ಮಾತು.

ಗೇಟು ತೆರೆದವರು ನಮ್ಮ ಕೈಯಲ್ಲಿದ್ದ ಪುಸ್ತಕವನ್ನು ನೋಡಿ, “ರಶೀದಿ ಆಮೇಲೆ ಬರೆಯೋಣ ಉಸ್ತಾದರೇ, ಗುಡುಗು ಬರುವ ಮೊದಲು ಹಿತ್ತಿಲು ನೋಡಿಬಿಡಿ” ಎಂದರು. ಮುಂಡನ್ನು ಮೇಲಕ್ಕೆ ಕಟ್ಟಿದ್ದರು. ಕೈಗೆ ಮಣ್ಣು ಹತ್ತಿತ್ತು. ಕೈ ಕೊಡಲು ಮುಂದೆ ಬಂದವರು, ನಮ್ಮ ಬಿಳಿ ಜುಬ್ಬವನ್ನು ನೋಡಿ ಹಿಂದೆ ಸರಿದರು.

ಮೊದಲಿಗೆ ಕಂಡದ್ದು ಬಸಳೆಯ ಚಪ್ಪರ. ಮಳೆಗಾಲದಲ್ಲಿ ಕೊಳೆತುಹೋದ ಬಳ್ಳಿಯನ್ನು ಕಿತ್ತು, ಉಳಿದ ಗಟ್ಟಿ ದಂಟುಗಳನ್ನು ಗೇಣುದ್ದಕ್ಕೆ ಕತ್ತರಿಸಿ ಹೊಸದಾಗಿ ನೆಟ್ಟಿದ್ದರು. ಪಕ್ಕದಲ್ಲಿ ಹರಿವೆಯ ಪಾತಿ, ಅಲಸಂಡೆಯ ಬಳ್ಳಿ. ಸುವರ್ಣಗೆಡ್ಡೆಯ ದಂಟುಗಳು ಹಳದಿಯಾಗಿ ನೆಲಕ್ಕೆ ಬಾಗಿದ್ದವು. ಗಿಡ ಸತ್ತಿತಲ್ಲ ಎಂದೆವು. “ಸತ್ತದ್ದಲ್ಲ, ಮೇಲಿನದೆಲ್ಲ ಕೆಳಗೆ ಇಳಿದದ್ದು. ಇನ್ನು ಅಗೆಯಬಹುದು” ಎಂದರು. ಅಡಿಕೆ ಮರಗಳನ್ನು ತಬ್ಬಿದ ಕರಿಮೆಣಸಿನ ಬಳ್ಳಿಯಲ್ಲಿ ಹಸಿರು ಗೆರೆಗಳು ತೂಗುತ್ತಿದ್ದವು. ಕೊಯ್ಲಿಗೆ ಇನ್ನೂ ಎರಡು ಮೂರು ತಿಂಗಳು. ಕರಿಬೇವಿನ ಚಿಗುರನ್ನು ಹಸಿರು ಹುಳುವೊಂದು ಮೇಯುತ್ತಿತ್ತು. ಕೊಲ್ಲುವುದಿಲ್ಲವೇ ಎಂದು ಕೇಳಿದೆವು. ಅದು ಚಿಟ್ಟೆಯ ಮರಿಯೆಂದೂ ಸಾರಿಗೆ ಬೇಕಾದಷ್ಟು ಎಲೆ ಇನ್ನೂ ಇದೆಯೆಂದೂ ಹೇಳಿ ಮುಂದೆ ನಡೆದರು.

ಅಡಿಕೆಯ ನಡುವೆ ಬಾಳೆ, ಬಾಳೆಯ ಬುಡದಲ್ಲಿ ಶುಂಠಿ ಅರಿಶಿನ, ಮೇಲೆ ಮೆಣಸಿನ ಬಳ್ಳಿ. ಇದನ್ನು ನೋಡುತ್ತಿದ್ದಂತೆ ನಮಗೆ ಸೂರಃ ಅಲ್ ಕಹ್ಫ್‌ನಲ್ಲಿ ಬರುವ ಇಬ್ಬರು ವ್ಯಕ್ತಿಗಳ ಉಪಮೆ ನೆನಪಾಯಿತು. ಅವರಲ್ಲಿ ಒಬ್ಬನಿಗೆ ಅಲ್ಲಾಹನು ಎರಡು ದ್ರಾಕ್ಷಿ ತೋಟಗಳನ್ನು ಕೊಟ್ಟಿದ್ದನು. ಸುತ್ತಲೂ ಖರ್ಜೂರದ ಮರಗಳು, ನಡುವೆ ಪೈರು, ಅವುಗಳ ಮಧ್ಯೆ ಹರಿಯುವ ನೀರು. ಪ್ರತಿ ಶುಕ್ರವಾರ ಆ ಸೂರಃವನ್ನು ಓದುವ ನಾವು ಅದರ ಎಚ್ಚರಿಕೆಯನ್ನು ಗಮನಿಸಿದ್ದೆವೇ ಹೊರತು, ತೋಟದ ಆ ಜೋಡಣೆಯನ್ನು ಎಂದೂ ಕಣ್ಣಿಗೆ ತಂದುಕೊಂಡಿರಲಿಲ್ಲ. ಎತ್ತರದ ಮರ, ಹಬ್ಬುವ ಬಳ್ಳಿ, ನೆಲದ ಪೈರು ಒಂದೇ ಕಡೆ. ಆ ತೋಟದ ಒಡೆಯನು ಇದು ಎಂದೆಂದಿಗೂ ನಾಶವಾಗದು ಎಂದು ಬೀಗಿದನು. ತೋಟವನ್ನು ಪ್ರವೇಶಿಸುವಾಗ ‘ಮಾಶಾ ಅಲ್ಲಾಹ್’ ಎನ್ನಬಾರದಿತ್ತೇ ಎಂದು ಸಂಗಾತಿ ಕೇಳಿದುದು ಅವನ ಕಿವಿಗೆ ಬೀಳಲಿಲ್ಲ. ನಾವು ತಡವಾಗಿಯಾದರೂ ‘ಮಾಶಾ ಅಲ್ಲಾಹ್’ ಎಂದೆವು.

ಹಿತ್ತಿಲಿನ ಅಂಚಿಗೆ ಪೇರಳೆ ಮರವೊಂದಿದೆ. ಅದರ ಅರ್ಧ ಕೊಂಬೆಗಳು ಗೋಡೆಯ ಆಚೆಗೆ, ಮದ್ರಸಾಕ್ಕೆ ಹೋಗುವ ಕಾಲುದಾರಿಯ ಮೇಲೆ ಚಾಚಿವೆ. ಗೋಡೆಯ ಆ ಭಾಗದ ಎರಡು ಕಲ್ಲು ಜಾರಿ ಬಿದ್ದಿದ್ದವು. ಮಕ್ಕಳು ಹತ್ತಿಹತ್ತಿ ಹೀಗಾಗಿದೆ ಎಂದರು. ಕಲ್ಲು ಕಟ್ಟಿಸಬಾರದೇ ಎಂದೆವು. ಆಗ ಅವರು ನಗುತ್ತಾ, “ನೀವೇ ತರಗತಿಯಲ್ಲಿ ಹೇಳಿಕೊಟ್ಟ ಹದೀಸಲ್ಲವೇ? ಕದ್ದದ್ದೂ ಸದಕವೆಂದು ನಿಮ್ಮ ಶಿಷ್ಯನಾದ ನನ್ನ ಮಗನೇ ಮನೆಗೆ ಬಂದು ಹೇಳಿದ” ಎಂದರು.

ಹೌದು, ನಾವೇ ಹೇಳಿಕೊಟ್ಟದ್ದು. ಒಬ್ಬ ಮುಸ್ಲಿಮನು ಗಿಡ ನೆಟ್ಟು, ಅದರಿಂದ ಮನುಷ್ಯರಾಗಲಿ ಹಕ್ಕಿಗಳಾಗಲಿ ಪ್ರಾಣಿಗಳಾಗಲಿ ತಿಂದರೆ ಅದು ಅವನ ಪಾಲಿಗೆ ದಾನವಾಗುತ್ತದೆ ಎಂಬ ಅರ್ಥದ ಪ್ರವಾದಿ(ಸ)ರ ವಚನ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಜಾಬಿರ್(ರ)ರಿಂದ ವರದಿಯಾಗಿ ಮುಸ್ಲಿಮ್ ಗ್ರಂಥದಲ್ಲಿರುವ ಪಾಠದಲ್ಲಿ, ಅದರಿಂದ ಕಳವಾದುದೂ ದಾನವೇ ಎಂಬ ಮಾತು ಸೇರಿದೆ. ಕದಿಯುವವನ ಪಾಪವನ್ನು ಈ ಹದೀಸ್ ಅಳಿಸುವುದಿಲ್ಲವೆಂದು ಮಕ್ಕಳಿಗೆ ಒತ್ತಿ ಹೇಳುತ್ತೇವೆ. ನೆಟ್ಟವನ ಪ್ರತಿಫಲ ಕಳೆದುಹೋಗುವುದಿಲ್ಲ ಎಂಬುದಷ್ಟೇ ಅದರ ಸಾರ. ಇಪ್ಪತ್ತು ವರ್ಷಗಳಿಂದ ಈ ಪಾಠ ಹೇಳುತ್ತಾ ಬಂದವರು ನಾವು. ಅದನ್ನು ಕೇಳಿ ಗೋಡೆಯ ಕಲ್ಲನ್ನು ಕಟ್ಟಿಸದೆ ಬಿಟ್ಟವರು ಇವರು.

ಅಸರ್‌ನ ಹೊತ್ತಾಗಿತ್ತು. ಬಾವಿಕಟ್ಟೆಯ ಬಳಿ ವುಝೂ ಮಾಡಲು ಒಂದು ಚಪ್ಪಡಿ ಹಾಕಿದ್ದರು. ಅಲ್ಲಿಂದ ಹರಿಯುವ ನೀರು ಸಣ್ಣ ತೋಡಿನ ಮೂಲಕ ಬಾಳೆಯ ಬುಡಕ್ಕೆ ಸೇರುತ್ತದೆ. ಒಂದು ಚಿಕ್ಕ ತಂಬಿಗೆ ನೀರು ಕೊಟ್ಟರು. ಪ್ರವಾದಿ(ಸ)ರು ಒಂದು ಮುದ್ದ್, ಅಂದರೆ ಒಂದು ಬೊಗಸೆಯಷ್ಟು ನೀರಿನಲ್ಲಿ ವುಝೂ ಮುಗಿಸುತ್ತಿದ್ದರೆಂದು ಅನಸ್(ರ) ಹೇಳಿದ್ದಾರೆ. ನಾವು ಮಸೀದಿಯ ನಲ್ಲಿಯ ಕೆಳಗೆ ಎಷ್ಟು ಮುದ್ದ್‌ಗಳನ್ನು ಹರಿಯಬಿಡುತ್ತೇವೆಂದು ಲೆಕ್ಕವಿಟ್ಟವರಿಲ್ಲ. ನಮ್ಮ ಶಾಫಿಈ ಕಿತಾಬುಗಳು ಹೇಳುವಂತೆ ಕಡ್ಡಾಯದ ವುಝೂವಿಗೆ ಬಳಸಿದ ನೀರು ತಾನು ಶುದ್ಧವೇ, ಆದರೆ ಇನ್ನೊಬ್ಬರನ್ನು ಶುದ್ಧಗೊಳಿಸಲು ಒದಗದು. ಈ ಮಸ್‌ಅಲವನ್ನು ಎಷ್ಟೋ ಸಲ ಓದಿಸಿದ್ದೇವೆ. ಆ ನೀರು ಬಾಳೆಗೆ ಒದಗುತ್ತದೆ ಎಂಬುದನ್ನು ಕಂಡದ್ದು ಅಂದೇ.

ನಮಾಝ್ ಮುಗಿಸಿ ಏಳುವಾಗ ಬಾವಿಯ ಆಚೆ, ಗೋಡೆಯ ಮೂಲೆಯಲ್ಲಿ ನೇರವಾಗಿ ಬೆಳೆದು ನಿಂತ ಹಲಸಿನ ಮರ ಕಣ್ಣಿಗೆ ಬಿತ್ತು. ಎಳೆಯ ಮರ, ಕಾಂಡ ಎರಡು ಕೈಗಳ ಹಿಡಿಗೆ ಸಿಗುವಷ್ಟು ದಪ್ಪ. ಸುತ್ತಲೂ ಕಲ್ಲಿನ ಕಟ್ಟೆ, ಬುಡಕ್ಕೆ ಒಣಗಿದ ಅಡಿಕೆ ಸೋಗೆ. ಹಿತ್ತಿಲಿನ ಬೇರಾವ ಮರಕ್ಕೂ ಅಷ್ಟು ಆರೈಕೆ ಇರಲಿಲ್ಲ. ಯಾವ ತಳಿಯೆಂದು ಕೇಳಿದೆವು. ಗೆಳೆಯರು ತುಸು ಹೊತ್ತು ಸುಮ್ಮನಿದ್ದು, “ನಿಮ್ಮ ಉಮ್ಮನವರ ಮರದ್ದು” ಎಂದರು.

ಓದುಗ ಬಂಧುಗಳೇ, ಇಲ್ಲಿ ನಮ್ಮ ಮನೆಯ ವಿಷಯವನ್ನು ಹೇಳದೆ ಮುಂದುವರಿಯುವಂತಿಲ್ಲ. 1987ರಲ್ಲಿ ನಮ್ಮನ್ನು ಮದ್ರಸಾಕ್ಕೆ ಸೇರಿಸಿದ ವರ್ಷ ಉಮ್ಮ ಅಂಗಳದ ಮೂಲೆಯಲ್ಲಿ ಹಲಸಿನ ಬೀಜವೊಂದನ್ನು ಊರಿದ್ದರು. ಬಕ್ಕೆ ಹಲಸು, ಗಟ್ಟಿ ಸೊಳೆ, ಜೇನಿನಂಥ ರುಚಿ. ಮೊದಲು ಹಣ್ಣಾದ ಕಾಯಿಯನ್ನು ಕೊಯ್ದರೆ ಮನೆಯವರು ಮುಟ್ಟುವಂತಿರಲಿಲ್ಲ. ಅದು ಏಳು ಪಾಲಾಗಿ ಏಳು ಮನೆಗಳಿಗೆ ಹೋಗಬೇಕು. ಅವುಗಳಲ್ಲಿ ಎರಡು ಹಿಂದೂಗಳ ಮನೆ, ಒಂದು ಕ್ರೈಸ್ತರ ಮನೆ. ಪಾಲು ತಲುಪಿಸುವ ಕೆಲಸ ನಮ್ಮದು, ಜೊತೆಗೆ ಬರುತ್ತಿದ್ದವರು ಇದೇ ಗೆಳೆಯರು. ಉಮ್ಮ 2013ರಲ್ಲಿ ತೀರಿಕೊಂಡರು. 2016ರಲ್ಲಿ ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟಿಸುವಾಗ ಕಾರು ನಿಲ್ಲಿಸುವ ಜಾಗಕ್ಕೆ ಆ ಮರ ಅಡ್ಡ ಬಂದಿತು. ನಕ್ಷೆಯನ್ನು ಆರು ಅಡಿ ಸರಿಸಿದ್ದರೆ ಮರ ಉಳಿಯುತ್ತಿತ್ತು. ಸರಿಸಲಿಲ್ಲ. ಸೋದರರೆಲ್ಲ ಒಪ್ಪಿದ್ದರು. ಮರದ ವ್ಯಾಪಾರಿ ಒಳ್ಳೆಯ ಬೆಲೆ ಕೊಟ್ಟನು. ಮೇ ತಿಂಗಳು, ಮರದಲ್ಲಿ ಇನ್ನೂ ಹಣ್ಣುಗಳಿದ್ದವು. ಅಂಗಳಕ್ಕೆ ಇಂಟರ್‌ಲಾಕ್ ಹಾಸಿದೆವು. ಆಗ ನಮ್ಮ ಬಳಿ ಕಾರೂ ಇರಲಿಲ್ಲ.

ಆ ದಿನ ಗೆಳೆಯರು ರಜೆಯಲ್ಲಿ ಊರಿಗೆ ಬಂದಿದ್ದರು. ಮರ ಉರುಳುವುದನ್ನು ದಾರಿಯಲ್ಲಿ ನಿಂತು ನೋಡಿ, ಏನೂ ಹೇಳದೆ, ಬಿದ್ದು ಒಡೆದ ಹಣ್ಣೊಂದರಿಂದ ಬೀಜಗಳನ್ನು ಆಯ್ದುಕೊಂಡು ಹೋದರಂತೆ. ಹಲಸಿನ ಬೀಜ ಒಣಗಿದರೆ ಮೊಳೆಯುವುದಿಲ್ಲವಾದ್ದರಿಂದ ಅದೇ ಸಂಜೆ ಊರಿದರಂತೆ. ಐದು ಮೊಳೆತವು, ಒಂದು ಉಳಿಯಿತು. ಅವರು ಸೌದಿಯಲ್ಲಿದ್ದ ವರ್ಷಗಳಲ್ಲಿ ಅವರ ಪತ್ನಿ ನೀರೆರೆದರು. ಎಂಟು ವರ್ಷ ಅವರು ನಮಗೆ ಈ ಮಾತನ್ನು ಹೇಳಿರಲಿಲ್ಲ. ಹೇಳಿದರೆ ಆಕ್ಷೇಪಿಸಿದಂತಾದೀತು ಎಂದು ಭಯವಿತ್ತಂತೆ. ಕಳೆದ ಎರಡು ವರ್ಷಗಳಿಂದ ಮನೆಗೆ ಕರೆಯುತ್ತಿದ್ದುದು ಇದಕ್ಕಾಗಿ.

“ಈ ವರ್ಷ ಹೂ ಬಿಟ್ಟರೂ ಬಿಡಬಹುದು” ಎಂದರು. “ಆದರೆ ರುಚಿಯ ಮಾತು ಕೊಡಲಾರೆ. ಕಸಿ ಕಟ್ಟಿದ್ದರೆ ತಾಯಿಮರದ ಹಣ್ಣೇ ಬರುತ್ತಿತ್ತು. ಬೀಜದ ಗಿಡ ಯಾವ ಮರದ ಪರಾಗ ಕೂಡಿಸಿಕೊಂಡಿದೆಯೋ ಅಲ್ಲಾಹನೇ ಬಲ್ಲ. ಬಕ್ಕೆಯೂ ಆಗಬಹುದು, ತುಳುವೆಯೂ ಆಗಬಹುದು.”

ನಮಗೆ ಮಾತು ಹೊರಡಲಿಲ್ಲ. ಮನುಷ್ಯನು ತೀರಿಕೊಂಡರೆ ಮೂರು ವಿಷಯಗಳ ಹೊರತು ಅವನ ಕರ್ಮಗಳೆಲ್ಲ ಕಡಿದುಹೋಗುತ್ತವೆ ಎಂಬುದನ್ನು ನಾವು ಪ್ರತಿ ವರ್ಷ ಬೋಧಿಸುತ್ತೇವೆ: ಹರಿಯುತ್ತಲೇ ಇರುವ ದಾನ, ಉಪಕಾರಿಯಾದ ಜ್ಞಾನ, ಪ್ರಾರ್ಥಿಸುವ ಸಜ್ಜನ ಸಂತಾನ. ಉಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಅವರು ಬಿಟ್ಟುಹೋದ ದಾನವೆಂದರೆ ಆ ಮರ, ಸಂತಾನವೆಂದರೆ ನಾವು. ಮೂರನೆಯದು ಮೊದಲನೆಯದನ್ನು ಕೊಡಲಿಯಿಂದ ಕಡಿಯಿತು. ಫಿಕ್‌ಹಿನ ದೃಷ್ಟಿಯಿಂದ ತಪ್ಪೇನೂ ಆಗಿರಲಿಲ್ಲ. ಮರ ವಾರಸುದಾರರ ಸೊತ್ತು, ಎಲ್ಲರ ಸಮ್ಮತಿಯಿತ್ತು, ಬಂದ ಹಣವನ್ನು ನ್ಯಾಯವಾಗಿ ಹಂಚಿದ್ದೆವು. ಯಾರಾದರೂ ಬಂದು ಫತ್ವಾ ಕೇಳಿದ್ದರೆ ನಾವು ಕಡಿಯಬಹುದೆಂದೇ ಹೇಳುತ್ತಿದ್ದೆವು. ಹಾಗಿದ್ದರೂ ಆ ಎಳೆಯ ಮರದ ಎದುರು ನಿಂತಾಗ, ಏಳು ಮನೆಗಳ ಪಾಲು ಎಂಟು ವರ್ಷಗಳಿಂದ ನಿಂತುಹೋಗಿದೆ ಎಂಬುದು ನಮಗೆ ಲೆಕ್ಕದಂತೆ ಕಾಣಿಸಿತು.

ಇನ್ನೊಂದು ಹದೀಸೂ ಆಗ ನೆನಪಿಗೆ ಬಂದಿತು. ಅಬೂ ಹುರೈರಃ(ರ) ಗಿಡವೊಂದನ್ನು ನೆಡುತ್ತಿದ್ದಾಗ ಪ್ರವಾದಿ(ಸ)ರು ಆ ದಾರಿಯಾಗಿ ಬಂದು, ಇದಕ್ಕಿಂತ ಉತ್ತಮವಾದ ನೆಡುವಿಕೆಯನ್ನು ತೋರಿಸಲೇ ಎಂದು ಕೇಳಿ, ತಸ್‌ಬೀಹ್, ತಹ್‌ಮೀದ್, ತಹ್‌ಲೀಲ್, ತಕ್‌ಬೀರ್‌ಗಳಲ್ಲಿ ಪ್ರತಿಯೊಂದಕ್ಕೂ ಸ್ವರ್ಗದಲ್ಲಿ ಒಂದು ಮರವಿದೆ ಎಂದು ತಿಳಿಸಿದುದು ಇಬ್ನು ಮಾಜಃದಲ್ಲಿದೆ. ಈ ಪ್ರಸಂಗವನ್ನು ಹೇಳುವಾಗ ನಾವು ಸದಾ ದ್ಸಿಕ್ರಿನ ಹಿರಿಮೆಗೆ ಬಂದು ನಿಲ್ಲಿಸುತ್ತಿದ್ದೆವು. ಆ ಮಾತು ಕೇಳಿಸಿಕೊಂಡವರ ಕೈಯಲ್ಲಿ ಒಂದು ಗಿಡವಿತ್ತು ಎಂಬುದನ್ನು, ಅದನ್ನು ಬಿಸಾಡೆಂದು ಪ್ರವಾದಿ(ಸ)ರು ಹೇಳಲಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಿರಲಿಲ್ಲ. ಸಲ್ಮಾನುಲ್ ಫಾರಿಸಿ(ರ)ಯವರ ಬಿಡುಗಡೆಗೆ ಒಡೆಯನು ಮುನ್ನೂರು ಖರ್ಜೂರದ ಸಸಿಗಳನ್ನು ಕೇಳಿದಾಗ, ಸ್ವಹಾಬಿಗಳು ಸಸಿ ತಂದುಕೊಟ್ಟರು, ಪ್ರವಾದಿ(ಸ)ರು ತಮ್ಮ ಕೈಯಿಂದಲೇ ನೆಟ್ಟರು. ಆ ಕೈಗಳಿಗೂ ಮಣ್ಣು ಹತ್ತಿತ್ತು. ನಮ್ಮ ಜುಬ್ಬ ಮಾತ್ರ ಅಂದು ಬೆಳ್ಳಗೇ ಇತ್ತು.

ಮೋಡ ಕವಿಯುತ್ತಿತ್ತು. ಚಹಾ ಕುಡಿಯುತ್ತಾ ಗೆಳೆಯರು ರಶೀದಿ ಪುಸ್ತಕವನ್ನು ತಾವೇ ಎಳೆದುಕೊಂಡು ಮೊತ್ತ ಬರೆದರು. ಸಣ್ಣ ಮೊತ್ತವಲ್ಲ. ಯಾವ ಷರತ್ತನ್ನೂ ಹಾಕಲಿಲ್ಲ. ಬಾದಾಮಿ ಮರದ ವಿಷಯ ಅವರಿಗೆ ಗೊತ್ತೂ ಇರಲಿಲ್ಲ. ನಾವೇ ಹೇಳಿದೆವು. ಹೇಳುವಾಗ ನಮ್ಮ ದನಿ ನಮಗೇ ಅಪರಿಚಿತವೆನಿಸಿತು. ಅವರು ಸ್ವಲ್ಪ ಯೋಚಿಸಿ, “ಅದರ ನೆರಳಿನಲ್ಲಿ ನಾವಿಬ್ಬರೂ ಯಾಸೀನ್ ಬಾಯಿಪಾಠ ಮಾಡಿದ್ದೆವಲ್ಲವೇ?” ಎಂದಷ್ಟೇ ಕೇಳಿದರು. ಹೊರಡುವಾಗ ಸುವರ್ಣಗೆಡ್ಡೆಯ ಒಂದು ತುಂಡು, ಬಸಳೆಯ ನಾಲ್ಕು ದಂಟು, ಜೊತೆಗೆ ಆ ಹಲಸಿನಿಂದಲೇ ಕಡ್ಡಿ ತೆಗೆದು ಕಸಿ ಕಟ್ಟಿದ ಸಸಿಯೊಂದನ್ನು ಚೀಲದಲ್ಲಿಟ್ಟು ಕೊಟ್ಟರು. ಹಣ್ಣು ಹೇಗಿದ್ದೀತೆಂದು ತಿಳಿಯದೆಯೇ ಕಸಿ ಕಟ್ಟಿದ್ದಿರಾ ಎಂದೆವು. “ರುಚಿ ಇಲ್ಲದಿದ್ದರೂ ಹಕ್ಕಿ ತಿನ್ನುತ್ತದೆ” ಎಂದರು.

ಮರುವಾರದ ಸಮಿತಿಯ ಸಭೆಯಲ್ಲಿ ನಾವು ಬಾದಾಮಿ ಮರವನ್ನು ಉಳಿಸಬೇಕೆಂದು ಕೇಳಿಕೊಂಡೆವು. ಮೊದಲು ಒಪ್ಪಿಕೊಂಡು ಈಗ ಮಾತು ಬದಲಿಸುವುದೇಕೆ ಎಂದು ಹಿರಿಯರೊಬ್ಬರು ಕೇಳಿದರು. ಅವರ ಪ್ರಶ್ನೆ ನ್ಯಾಯವಾದುದೇ. ಉಮ್ಮನ ಮರದ ಸಂಗತಿಯನ್ನು ನಾಲ್ಕು ಜನರ ಮುಂದೆ ಹೇಳದೆ ಬೇರೆ ದಾರಿಯಿರಲಿಲ್ಲ, ಹೇಳಿದೆವು. ಸಭೆ ಕೆಲಹೊತ್ತು ಸ್ತಬ್ಧವಾಯಿತು. ಕೊನೆಗೆ, ಅಂಗಳಕ್ಕೆ ಹಾಸುವುದು, ಮರದ ಸುತ್ತ ನಾಲ್ಕು ಅಡಿ ಮಣ್ಣನ್ನು ಹಾಗೆಯೇ ಬಿಡುವುದು, ದಂಬೆಯಲ್ಲಿ ಕಟ್ಟುವ ಎಲೆ ತೆಗೆಯುವ ಹೊಣೆ ಉಸ್ತಾದರದ್ದು ಎಂದು ತೀರ್ಮಾನವಾಯಿತು. ಈಗ ಶನಿವಾರ ಬೆಳಗ್ಗೆ ಪಾಠ ಮುಗಿದ ಮೇಲೆ ನಾವು ಏಣಿ ಹತ್ತುತ್ತೇವೆ. ದೊಡ್ಡ ಮಕ್ಕಳು ಕೆಳಗೆ ಬುಟ್ಟಿ ಹಿಡಿಯುತ್ತಾರೆ. ಎಲೆಗಳು ನಿಜಕ್ಕೂ ಬಹಳ; ಆ ಹಿರಿಯರು ಹೇಳಿದುದರಲ್ಲಿ ಸುಳ್ಳಿರಲಿಲ್ಲ.

ನಮ್ಮ ಮನೆಯ ಅಂಗಳದಿಂದ ಇಂಟರ್‌ಲಾಕಿನ ಮೂವತ್ತೆರಡು ಕಲ್ಲುಗಳನ್ನು ಎಬ್ಬಿಸಿದೆವು. ಕೆಳಗಿನ ಜಲ್ಲಿ ಪುಡಿಯನ್ನು ಅಗೆದು ತೆಗೆದು, ಹೊಸ ಮಣ್ಣು ಸೆಗಣಿ ಗೊಬ್ಬರ ತುಂಬಿಸಿ, ಮಕ್ಕಳ ಕೈಯಿಂದಲೇ ಬಿಸ್ಮಿ ಹೇಳಿಸಿ ಸಸಿ ನೆಟ್ಟೆವು. ಹಳೆಯ ಮರದ ಬೇರಿನ ತುಂಡುಗಳು ಮಣ್ಣಿನಲ್ಲಿ ಇನ್ನೂ ಸಿಕ್ಕಿದವು. ಕಾರು ಈಗ ಇದೆ, ಅದು ಗೇಟಿನ ಹೊರಗೆ ಬಿಸಿಲಿನಲ್ಲಿ ನಿಲ್ಲುತ್ತದೆ.

ಓದುಗ ಬಂಧುಗಳೇ, ಮನೆ ಕಟ್ಟುವುದು, ಅಂಗಳಕ್ಕೆ ಹಾಸುವುದು ಯಾವುದೂ ತಪ್ಪಲ್ಲ. ಆದರೆ ನಕ್ಷೆ ಬರೆಯಿಸುವ ದಿನ, ಆ ಜಾಗದಲ್ಲಿ ಹಿರಿಯರು ನೆಟ್ಟದ್ದು ಏನಿದೆ, ಅದರಿಂದ ಯಾರು ತಿನ್ನುತ್ತಿದ್ದಾರೆ ಎಂದು ಒಮ್ಮೆ ಸುತ್ತಿ ನೋಡಿ. ಆರು ಅಡಿ ಸರಿಸಲು ಸಾಧ್ಯವೇ ಎಂದು ಕೇಳಿ. ಈಗಾಗಲೇ ಕಡಿದಿದ್ದರೆ, ಮಳೆ ಬಿಟ್ಟು ನೆಲ ಇನ್ನೂ ಮೆತ್ತಗಿರುವ ಈ ದಿನಗಳಲ್ಲಿ ಅವರ ಹೆಸರಿನಲ್ಲಿ ಒಂದು ಗಿಡ ನೆಡಿ. ಬೇಸಗೆಯಲ್ಲಿ ಅದಕ್ಕೆ ನೀರೆರೆಯಲು ಮರೆಯಬೇಡಿ. ಗೆಳೆಯರು ಮನೆಗೆ ಕರೆದರೆ ತಡಮಾಡದೆ ಹೋಗಿ. ನಮಗಾಗಿ ಅವರು ಏನನ್ನು ಕಾಪಾಡಿಟ್ಟಿದ್ದಾರೆಂಬುದು ಹೋಗದೆ ತಿಳಿಯುವುದಿಲ್ಲ.

ನಮ್ಮ ಉಮ್ಮನ, ನಿಮ್ಮ ಹೆತ್ತವರ ದಾನಗಳನ್ನು ಅಲ್ಲಾಹನು ಸ್ವೀಕರಿಸಲಿ. ನಾವು ಅರಿತೂ ಅರಿಯದೆಯೂ ಕಡಿದುದನ್ನು ಮನ್ನಿಸಲಿ. ಮಣ್ಣು ಹತ್ತಿದ ಆ ಗೆಳೆಯರ ಕೈಗಳಲ್ಲಿ ಬರಕತ್ ಕೊಡಲಿ. ಆಮೀನ್.